ಸ್ಥೂಲಕಾಯರಲ್ಲಿ ಔಷಧಗಳ ಪರಸ್ಪರ ಪ್ರಭಾವ

ಒಬ್ಬ ರೋಗಿಗೆ ಏಕಕಾಲದಲ್ಲಿ ಹಲವು ಔಷಧಗಳನ್ನು ಕೊಟ್ಟಾಗ ಒಂದರ ಕ್ರಿಯೆಯನ್ನು ಮತ್ತೊಂದು ಹೆಚ್ಚಿಸುವುದೂ ಕುಗ್ಗಿಸುವುದೂ ಉಂಟು. ಸ್ಥೂಲಕಾಯರಲ್ಲಿ ಇಂಥ ಪ್ರಸಂಗಗಳು ಹೆಚ್ಚು. ಮಧುಮೇಹ, ಅಧಿಕ ರಕ್ತದೊತ್ತಡ, ರಕ್ತದಲ್ಲಿ ಕೊಬ್ಬಿನ ಏರಿಕೆ ಇವು ಅವರಲ್ಲಿ ಅನೇಕವೇಳೆ ಜೊತೆಗೂಡಿಯೇ ಇರುವುದರಿಂದ, ಒಂದೊಂದು ವ್ಯಾಧಿಗೂ ಒಂದೊಂದು ಮಾತ್ರೆ ಸೇರುತ್ತ ಹೋಗುತ್ತದೆ. ಆದರೆ ಮಾತ್ರೆಗಳ ಸಂಖ್ಯೆಯೊಂದೇ ಅಪಾಯಕ್ಕೆ ಕಾರಣವಲ್ಲ. ದೇಹದಲ್ಲಿ ಸಂಚಿತವಾದ ಮೇದಸ್ಸೂ ಇದರಲ್ಲಿ ಪಾಲುಗೊಳ್ಳುತ್ತದೆ. ಅದು ಹೇಗೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲು ಯತ್ನಿಸುತ್ತೇವೆ.

ರಕ್ತವನ್ನು ಸೇರಿದ ಔಷಧವು ಅಲ್ಲಿಂದ ಅಂಗಾಂಶಗಳಿಗೆ ಹರಡುತ್ತದೆ. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಔಷಧಗಳಿಗೆ ಮೇದಸ್ಸು ಒಂದು ಕಣಜವಿದ್ದಂತೆ. ಕಣಜ ದೊಡ್ಡದಾದಷ್ಟೂ ಔಷಧದ ಹರವು ಹೆಚ್ಚು. ದೇಹದಲ್ಲಿರುವ ಔಷಧವು ಅರ್ಧಕ್ಕಿಳಿಯಲು ಬೇಕಾದ ಕಾಲಕ್ಕೆ ಅರ್ಧಾಯು ಎಂದು ಹೆಸರು. ಹರವಿನ ಗಾತ್ರವನ್ನು 0.693ರಿಂದ ಗುಣಿಸಿ, ಯಕೃತ್ತು ಮತ್ತು ಮೂತ್ರಪಿಂಡಗಳು ಔಷಧವನ್ನು ಹೊರಗೆಡಹುವ ದರದಿಂದ ಭಾಗಿಸಿದರೆ ಈ ಅರ್ಧಾಯು ದೊರೆಯುತ್ತದೆ. ಆದ್ದರಿಂದ ಆ ದರವು ಮೊದಲಿನಂತೆಯೇ ಇದ್ದು ಹರವು ಮಾತ್ರ ಇಮ್ಮಡಿಯಾದರೆ ಅರ್ಧಾಯುವೂ ಇಮ್ಮಡಿಯಾಗುತ್ತದೆ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಔಷಧದ ಅರ್ಧಾಯು ಒಬ್ಬನಲ್ಲಿ 30 ಗಂಟೆ, ಮತ್ತೊಬ್ಬನಲ್ಲಿ 60 ಗಂಟೆ ಎಂದಿಟ್ಟುಕೊಳ್ಳೋಣ. ಔಷಧವನ್ನು ನಿಲ್ಲಿಸಿದ 7 ದಿನಗಳ ತರುವಾಯ ಮೊದಲನೆಯವನಲ್ಲಿ ನೂರಕ್ಕೆ ಸುಮಾರು 2 ಭಾಗ ಉಳಿದಿದ್ದರೆ, ಎರಡನೆಯವನಲ್ಲಿ ಸುಮಾರು 14 ಭಾಗ ಉಳಿದಿರುತ್ತದೆ. ನಿಲ್ಲಿಸಿದ ದಿನ ಇಬ್ಬರಿಗೂ ಒಂದೇ. ಔಷಧದಿಂದ ಬಿಡುಗಡೆಯಾಗುವ ದಿನ ಒಂದೇ ಅಲ್ಲ.

ಪೊಸಕೊನಜೋಲ್ ಎಂಬ ಶಿಲೀಂಧ್ರನಾಶಕವು ಇದಕ್ಕೆ ತಕ್ಕ ನಿದರ್ಶನ. 2021ರಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಹಲವೆಡೆ ಕೋವಿಡ್ ರೋಗಿಗಳನ್ನು, ಅವರಲ್ಲಿಯೂ ವಿಶೇಷವಾಗಿ ಮಧುಮೇಹಿಗಳನ್ನು, ಕಪ್ಪು ಶಿಲೀಂಧ್ರ ರೋಗವು ಬಾಧಿಸಿದಾಗ ಈ ಔಷಧವು ಬಳಕೆಗೆ ಬಂದುದನ್ನು ವಾಚಕರು ಬಲ್ಲರು. ಸಾಮಾನ್ಯ ತೂಕದವರಲ್ಲಿ ಒಂದು ದಿನಕ್ಕಿಂತ ತುಸು ಹೆಚ್ಚಾಗಿರುವ ಇದರ ಅರ್ಧಾಯುವು ಸ್ಥೂಲಕಾಯರಲ್ಲಿ ಇನ್ನೂ ದೀರ್ಘವಾಗುತ್ತದೆ. ಇದು ಯಕೃತ್ತಿನ ಸಿ.ವೈ.ಪಿ. 3ಎ4 ಎಂಬ ಕಿಣ್ವವನ್ನು ಪ್ರಬಲವಾಗಿ ತಡೆಯುತ್ತದೆ. ರಕ್ತದ ಕೊಬ್ಬನ್ನು ತಗ್ಗಿಸುವ ಅಟೊರ್ವಾಸ್ಟಾಟಿನ್ ಮತ್ತು ಸಿಂವಾಸ್ಟಾಟಿನ್ ವಿಘಟನೆ ಹೊಂದುವುದು ಇದೇ ಕಿಣ್ವದಿಂದ. ತಡೆಯಿರುವಾಗ ಇವನ್ನು ಸೇವಿಸಿದರೆ ರಕ್ತದಲ್ಲಿ ಅವುಗಳ ಪ್ರಮಾಣವೇರಿ ಸ್ನಾಯುಗಳು ಶಿಥಿಲವಾಗಬಹುದು. ಸ್ನಾಯುಗಳಿಂದ ಒಸರಿದ ದ್ರವ್ಯಗಳು ಮೂತ್ರಪಿಂಡಗಳನ್ನೇ ಕೆಡಿಸಬಹುದು. ಆದಕಾರಣ ಇವುಗಳ ಸಹಸೇವನೆ ನಿಷಿದ್ಧ.

ಸಹಸೇವನೆಯ ನಿಷೇಧವನ್ನು ವೈದ್ಯರು ಬಲ್ಲರು. ಗಮನಕ್ಕೆ ಬಾರದೆ ಹೋಗುವುದು ಅನಂತರದ ದಿನಗಳು. ಮಾನಸಿಕ ವ್ಯಾಧಿಗಳಿಗೆ ಕೊಡುವ ಲುರಾಸಿಡೋನ್ ಕೂಡ ಇದೇ ಕಿಣ್ವವನ್ನು ಅವಲಂಬಿಸಿದೆ. ಪೊಸಕೊನಜೋಲನ್ನು ನಿಲ್ಲಿಸಿದ ಮೇಲೂ ಲುರಾಸಿಡೋನಿನ ವಿಸರ್ಜನೆಗೆ ಅಡ್ಡಿ ಮುಂದುವರಿಯುವುದು, ಅದೂ ಸ್ಥೂಲಕಾಯರಲ್ಲಿ ಹೆಚ್ಚು ಕಾಲ ಉಳಿಯುವುದು, ಸ್ವಯಂಸೇವಕರ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಕಂಡುಬಂದಿದೆ. ರೋಗಿಯು ಸೇವಿಸುತ್ತಿರುವ ಔಷಧಗಳ ಪಟ್ಟಿಯಲ್ಲಿ ಪೊಸಕೊನಜೋಲಿನ ಹೆಸರಿಲ್ಲ. ಆದರೆ ಅವನ ಮೇದಸ್ಸಿನಲ್ಲಿ ಅದು ಇನ್ನೂ ಇದೆ.

ಈ ನಿಯಮವನ್ನು ಎಲ್ಲ ಔಷಧಗಳಿಗೂ ಅನ್ವಯಿಸುವುದು ತಪ್ಪು. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ನೀರಿನಲ್ಲಿ ಕರಗುವಂಥದು. ಅದು ರೂಪ ಬದಲಿಸದೆ ಮೂತ್ರದ ಮೂಲಕ ಹೊರಬೀಳುತ್ತದೆ. ಅದರ ವಿಷಯದಲ್ಲಿ ಮೇದಸ್ಸಿಗಿಂತ ಮೂತ್ರಪಿಂಡಗಳ ಸ್ಥಿತಿಯೇ ಮುಖ್ಯ. ಆದುದರಿಂದ ತೂಕವೊಂದನ್ನೇ ನೋಡಿ ತೀರ್ಮಾನಕ್ಕೆ ಬರದೆ, ಔಷಧವು ಎಲ್ಲಿ ಸಂಚಯವಾಗುತ್ತದೆ, ಯಾವ ಮಾರ್ಗದಿಂದ ಹೊರಹೋಗುತ್ತದೆ ಎಂಬೆರಡನ್ನೂ ವಿಚಾರಿಸಬೇಕು.

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಸ್ಥೂಲಕಾಯದ ರೋಗಿಯನ್ನು “ಈಗ ಯಾವ ಔಷಧಗಳನ್ನು ಸೇವಿಸುತ್ತಿರುವಿರಿ?” ಎಂದು ಕೇಳಿದರೆ ಸಾಲದು, “ಈಚಿನ ವಾರಗಳಲ್ಲಿ ಯಾವುದನ್ನು ನಿಲ್ಲಿಸಿದಿರಿ, ಎಂದು ನಿಲ್ಲಿಸಿದಿರಿ?” ಎಂದೂ ಕೇಳಬೇಕು. ರೋಗಿಯೂ ತಡೆಹಿಡಿದ ಮಾತ್ರೆಯನ್ನು ತಾನಾಗಿ ಪುನಃ ಆರಂಭಿಸದೆ ವೈದ್ಯರ ಸಲಹೆ ಪಡೆಯುವುದು ಕ್ಷೇಮಕರ.