ಸೊನ್ನೆ ಕಮಿಷನ್ನಿನ ಸಾಹುಕಾರ

1975ರ ಮೇ 1, ಗುರುವಾರ. ಸ್ಯಾನ್ ಫ್ರಾನ್ಸಿಸ್ಕೋದ ಮಾಂಟ್ಗೊಮರಿ ಬೀದಿಯ ಒಂದು ಸಣ್ಣ ಕಚೇರಿಯಲ್ಲಿ ಕೆಲವು ಮೇಜು, ಕೆಲವು ಫೋನು. ಅಂದು ಅಮೆರಿಕದ ಷೇರುಪೇಟೆಯಲ್ಲಿ ನಿಗದಿತ ಕಮಿಷನ್ನಿಗೆ ಕೊನೆಯ ಗಂಟೆ ಬಾರಿಸಿತ್ತು. 1792ರಲ್ಲಿ ವಾಲ್ ಸ್ಟ್ರೀಟಿನ ಮರವೊಂದರ ಹೆಸರಿನ ಒಪ್ಪಂದಕ್ಕೆ 24 ದಲ್ಲಾಳಿಗಳು ಸಹಿ ಹಾಕಿ ಹುಟ್ಟಿಸಿದ ಕಟ್ಟಳೆ ಅದು. ಯಾರೂ ಕಡಿಮೆ ದರಕ್ಕೆ ಇಳಿಯುವಂತಿರಲಿಲ್ಲ. ಕಟ್ಟು ಬಿಚ್ಚಿದ್ದೇ ತಡ, ಪಿಂಚಣಿ ನಿಧಿಯಂಥ ಭಾರಿ ಗಿರಾಕಿಗಳಿಗೆ ದರ ಇಳಿಯಿತು. ನೂರು ಷೇರಿನ ಬಡಪಾಯಿಗೆ ಕೆಲವು ಸಂಸ್ಥೆಗಳು ಏರಿಸಿಯೇ ಬಿಟ್ಟವು.

ಮಾಂಟ್ಗೊಮರಿ ಬೀದಿಯ ಆ ಸಣ್ಣ ಕಚೇರಿಯ ಮಾಲೀಕ ಚಾರ್ಲ್ಸ್ ಶ್ವಾಬ್ ಈ ಬಡಪಾಯಿಯನ್ನೇ ಹಿಡಿದರು. ಅವರ ನೌಕರರಿಗೆ ಕಮಿಷನ್ ಇಲ್ಲ, ತಿಂಗಳ ಸಂಬಳ. ಫೋನೆತ್ತಿ ಆರ್ಡರ್ ಬರೆದುಕೊಂಡರೆ ಕೆಲಸ ಮುಗಿಯಿತು. ‘ಯಾವುದು ತಗೊಳ್ಳಲಿ?’ ಎಂದರೆ ಉತ್ತರವಿಲ್ಲ. ಸಲಹೆ ಕೊಡದಿರುವುದನ್ನೇ ಸೇವೆಯೆಂದು ಮಾರಿದ ಜಾಣತನ ಇದು. ಪತ್ರಿಕೆಯ ಜಾಹೀರಾತಿನಲ್ಲಿ ಬೇರಾರದೋ ಮುಖ ಹಾಕಲಿಲ್ಲ. ಮಾಲೀಕನೇ ನಗುತ್ತ ನಿಂತ. ಕ್ಯಾಲಿಫೋರ್ನಿಯಾದಲ್ಲಿ ಹುಡುಗನಾಗಿದ್ದಾಗ ಆತ ಕೋಳಿ ಸಾಕಿ ಮೊಟ್ಟೆ ಮಾರಿದ, ಮಾಂಸ ಮಾರಿದ, ಹಿಕ್ಕೆಯನ್ನೂ ಗೊಬ್ಬರವೆಂದು ಮಾರಿದ. ಈ ಕೋಳಿಯ ಕಥೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಳೆಯಲು ಬಂಡವಾಳ ಬೇಕಿತ್ತು. ಕಂಪನಿಯನ್ನು ಬ್ಯಾಂಕ್ ಆಫ್ ಅಮೆರಿಕಕ್ಕೆ ಸುಮಾರು 5.5 ಕೋಟಿ ಡಾಲರಿಗೆ ಮಾರಿದರು. ಬ್ಯಾಂಕೇ ಮುಗ್ಗರಿಸಿದಾಗ, 1987ರಲ್ಲಿ 28 ಕೋಟಿಗೆ ಮರಳಿ ಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಂಪನಿ ಷೇರು ಪೇಟೆಗೆ ಬಂತು. ಅಕ್ಟೋಬರ್ 19ರ ಸೋಮವಾರ ಡೌ ಸೂಚ್ಯಂಕ ಒಂದೇ ದಿನ ಶೇ 22.6ರಷ್ಟು ಕುಸಿಯಿತು. ಮಾರಲು ಹೊರಟವರ ಕರೆಗಳಿಗೆ ದಾರಿ ಸಿಗದೆ ಸಾಲುಗಳೆಲ್ಲ ತುಂಬಿಹೋದವು. ಹಾಂಕಾಂಗಿನ ಒಬ್ಬನೇ ಗ್ರಾಹಕನ ಆಪ್ಷನ್ ವಹಿವಾಟು ಕಂಪನಿಗೆ ಕೋಟಿಗಟ್ಟಲೆ ಡಾಲರ್ ಹೊಡೆತ ಕೊಟ್ಟಿತು. ಹೊಸ ಷೇರುದಾರರ ಪಾಲಿಗೆ ಎಂಥ ಸ್ವಾಗತ!

ಆಮೇಲಿನದು ಬೇಗ ಹೇಳಬಹುದು. 1996ರಲ್ಲಿ ಅಂತರ್ಜಾಲದ ವಹಿವಾಟು. ಕಮಿಷನ್ 29.95 ಡಾಲರ್, ಆಮೇಲೆ ಇನ್ನೂ ಕಡಿಮೆ, 2019ರ ಅಕ್ಟೋಬರಿನಲ್ಲಿ ಸೊನ್ನೆ. ಪ್ರತಿಸ್ಪರ್ಧಿ ಟಿಡಿ ಅಮೆರಿಟ್ರೇಡ್‌ಗೆ ಕಮಿಷನ್ನಿನ ಅವಲಂಬನೆ ಹೆಚ್ಚು. ಅದರ ಷೇರು ಕುಸಿದುಬಿತ್ತು, ಮರುವರ್ಷ ಶ್ವಾಬ್ ಅದನ್ನೇ ನುಂಗಿತು.

ಕಮಿಷನ್ ಇಲ್ಲದೆ ದಲ್ಲಾಳಿ ಬದುಕುವುದು ಹೇಗೆ? ಷೇರು ಮಾರಿದ ದುಡ್ಡು, ಲಾಭಾಂಶ, ಇನ್ನೂ ಕೊಳ್ಳದೆ ಇಟ್ಟ ದುಡ್ಡು ಖಾತೆಯಲ್ಲಿ ಸುಮ್ಮನೆ ಕೂತಿರುತ್ತದೆ. 2003ರಲ್ಲಿ ಶ್ವಾಬ್ ಸ್ವಂತ ಬ್ಯಾಂಕ್ ತೆರೆದಿದ್ದರು. ಆ ದುಡ್ಡು ತಾನಾಗಿ ಅಲ್ಲಿಗೆ ಹರಿಯುತ್ತದೆ, ಗ್ರಾಹಕನಿಗೆ ಚೂರು ಬಡ್ಡಿ. ಬ್ಯಾಂಕು ಅದನ್ನು ಬಾಂಡುಗಳಲ್ಲಿ ತೊಡಗಿಸಿ ಹೆಚ್ಚಿನದನ್ನು ಉಳಿಸಿಕೊಳ್ಳುತ್ತದೆ. ಹಿಕ್ಕೆಯನ್ನೂ ಬಿಡದ ಹುಡುಗನಿಗೆ ಇದು ಕಾಣದೆ ಇರುತ್ತದೆಯೇ? ‘ಸಲಹಾ ಶುಲ್ಕವಿಲ್ಲ’ ಎಂದು ಸಾರಿದ್ದ ಅವರ ರೋಬೊ (ಗಣಕವೇ ನಡೆಸುವ) ಹೂಡಿಕೆಯಲ್ಲೂ ಒಂದು ಪಾಲು ನಗದಾಗಿಯೇ ಉಳಿಯುತ್ತಿತ್ತು. ಅದರಿಂದ ಗ್ರಾಹಕನಿಗೆ ತಗಲುವ ನಷ್ಟವನ್ನು ಸರಿಯಾಗಿ ತಿಳಿಸಲಿಲ್ಲವೆಂದು ನಿಯಂತ್ರಕರು ಎತ್ತಿದ ಆರೋಪವನ್ನು 2022ರಲ್ಲಿ 18.7 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡರು.

ಬೆಂಗಳೂರಿನ ದಲ್ಲಾಳಿ ಸಂಸ್ಥೆ ಜೆರೋಧಾ ಕೂಡ 2015ರಲ್ಲೇ ಡೆಲಿವರಿ ಷೇರಿಗೆ ಸೊನ್ನೆ ಕಮಿಷನ್ ಇಟ್ಟಿತು. ಆದರೆ ನಮ್ಮಲ್ಲಿ ಸುಮ್ಮನೆ ಕೂತ ದುಡ್ಡನ್ನು ತಿಂಗಳಿಗೋ ಮೂರು ತಿಂಗಳಿಗೋ ಗ್ರಾಹಕನ ಬ್ಯಾಂಕ್ ಖಾತೆಗೆ ಹಿಂದಿರುಗಿಸಬೇಕೆಂಬುದು ಸೆಬಿ ನಿಯಮ. ಇಲ್ಲಿನ ಸೊನ್ನೆಗೆ ದುಡ್ಡು ಕೊಡುವವನು ದಿನವಿಡೀ ಫ್ಯೂಚರ್ಸ್–ಆಪ್ಷನ್ಸ್ ಒತ್ತುವವನು. ಅಮೆರಿಕದ್ದಕ್ಕೆ ಕೊಡುವವನು ಖಾತೆಯಲ್ಲಿ ದುಡ್ಡು ಮರೆತವನು.

2023ರಲ್ಲಿ ಆ ಮರೆವು ಕೈಕೊಟ್ಟಿತು. ಬಡ್ಡಿದರ ಶೇ 5ರ ಹತ್ತಿರ ಏರಿತ್ತು. ಮಾರ್ಚಿನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಹಳೆಯ ಬಾಂಡುಗಳ ಬೆಲೆ ಇಳಿದಿರುವುದು ಎಲ್ಲರ ಬಾಯಲ್ಲಿ. ಶ್ವಾಬ್ ಷೇರು ದಡಬಡನೆ ಜಾರಿತು. ಅಡುಗೆಮನೆಯ ಮೇಜಿನೆದುರು ಕೂತ ನಿವೃತ್ತರೂ ಲೆಕ್ಕ ಹಾಕತೊಡಗಿದರು. ಅದೇ ಆ್ಯಪಿನಲ್ಲಿ ಒಂದೆರಡು ಬಾರಿ ಒತ್ತಿದರೆ ದುಡ್ಡು ಅದೇ ಕಂಪನಿಯ ಮನಿ ಮಾರ್ಕೆಟ್ ಫಂಡಿಗೆ ಹೋಗಿ ಹಲವು ಪಟ್ಟು ಬಡ್ಡಿ ತರುತ್ತಿತ್ತು. ಗ್ರಾಹಕರು ಶ್ವಾಬ್ ಬಿಟ್ಟು ಹೋಗಲಿಲ್ಲ, ಬ್ಯಾಂಕಿನ ಠೇವಣಿ ಮಾತ್ರ ಕರಗಿತು. ಆ ತೂತು ಮುಚ್ಚಲು ಕಂಪನಿ ದುಬಾರಿ ಬಡ್ಡಿಗೆ ಸಾಲ ಎತ್ತಬೇಕಾಯಿತು. ಅದಾದ ಮೇಲೂ 2024ರ ಕೊನೆಗೆ ಅಲ್ಲಿ ಗ್ರಾಹಕರಿಟ್ಟ ಒಟ್ಟು ಆಸ್ತಿ 10 ಲಕ್ಷ ಕೋಟಿ ಡಾಲರ್ ದಾಟಿತ್ತು.