ಕಬ್ಬನ್ ಪಾರ್ಕಿನ ವಾದ್ಯಮಂಟಪ

ಉದ್ಯಾನವೆಂದರೆ ಗಿಡ, ಮರ, ಹೂವು ಎಂದಷ್ಟೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ನಗರದ ಉದ್ಯಾನಗಳಲ್ಲಿ ಲೋಹಕ್ಕೂ ಒಂದು ಸ್ಥಾನವುಂಟು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಎರಕದ ಕಬ್ಬಿಣದ ಮಂಟಪವೊಂದಿದೆ. ಕಂಚಿನ ಪ್ರತಿಮೆಗಳೂ ಇವೆ. ಅವುಗಳನ್ನು ದಿನವೂ ಎಷ್ಟೋ ಜನ ನೋಡುತ್ತಾರೆ. ಅವು ಹೇಗೆ ಆದುವು, ಯಾರಿಗಾಗಿ ನಿಂತಿವೆ ಎಂದು ಯೋಚಿಸುವವರು ಮಾತ್ರ ವಿರಳ. ಅದನ್ನು ನನಗೆ ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಈ ಉದ್ಯಾನವು 1870ರಲ್ಲಿ, ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ ರೂಪುಗೊಂಡಿತು. ಆಗ ಇದರ ವಿಸ್ತಾರ ಸುಮಾರು 100 ಎಕರೆ. ಮೊದಲು ಇದನ್ನು ಮೀಡ್ಸ್ ಪಾರ್ಕ್ ಎಂದು ಕರೆದರು. ಆಮೇಲೆ ಕಬ್ಬನ್ ಪಾರ್ಕ್ ಎಂಬ ಹೆಸರು ನಿಂತಿತು. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ವರ್ಷ, ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಹೆಸರು ಬಂದಿತು. ಹೀಗೆ ಹೆಸರು ಮೂರಾದರೂ ನೆರಳು ಒಂದೇ.

ಬ್ಯಾಂಡ್ ಸ್ಟ್ಯಾಂಡ್ ಎಂದು ಜನ ಕರೆಯುವ ವಾದ್ಯಮಂಟಪವು ಇಪ್ಪತ್ತನೆಯ ಶತಮಾನದ ಆರಂಭದ್ದು. ಎಂಟು ಮೂಲೆ, ಎತ್ತರದ ಜಗಲಿ, ಸುತ್ತ ತೆಳುವಾದ ಕಂಬಗಳು, ಮೇಲೊಂದು ಛಾವಣಿ, ಇಷ್ಟೇ ಇದರ ರಚನೆ. ಗೋಡೆಯೆಂಬುದಿಲ್ಲ. ಇದು ಕೇವಲ ಅಲಂಕಾರಕ್ಕಾಗಿ ಮಾಡಿದುದಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ವಾದ್ಯದ ದನಿ ಹುಲ್ಲುಹಾಸಿನ ಮೇಲೆ ಕುಳಿತ ಎಲ್ಲರಿಗೂ ಮುಟ್ಟಬೇಕಾಗಿತ್ತು. ಜಗಲಿ ಎತ್ತರವಾದುದರಿಂದ ಮುಂದೆ ಕುಳಿತವರ ತಲೆಗಳು ಹಿಂದಿನವರಿಗೆ ಅಡ್ಡವಾಗವು. ಆಕಾಶದಲ್ಲಿ ಚದರಿಹೋಗಬಹುದಾದ ದನಿಯನ್ನು ಛಾವಣಿ ತಡೆದು ಸುತ್ತಲಿನ ಜನರತ್ತ ಮರಳಿಸುತ್ತದೆ. ಎಂಟು ಕಡೆಯೂ ತೆರೆದಿರುವುದರಿಂದ ಇದಕ್ಕೆ ಮುಂಬದಿ, ಹಿಂಬದಿ ಎಂಬ ಭೇದವಿಲ್ಲ. ಎಲ್ಲಿ ಕುಳಿತರೂ ಅದೇ ಮೊದಲ ಸಾಲು!

ಇನ್ನು ಲೋಹದ ವಿಚಾರ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು. ಅದರಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲ ಬೆರೆತಾಗ ಸುಮಾರು 1200 ಡಿಗ್ರಿಗೇ ನೀರಾಗಿ ಹರಿಯುತ್ತದೆ. ಇದೇ ಬೀಡು ಅಥವಾ ಎರಕದ ಕಬ್ಬಿಣ. ಮರದಲ್ಲಿ ಮಾದರಿ ಕೆತ್ತಿ, ಮರಳಿನಲ್ಲಿ ಅದರ ಅಚ್ಚು ತೆಗೆದು, ಲೋಹ ಹೊಯ್ದರೆ ಒಂದೇ ಬಗೆಯ ಕಂಬಗಳನ್ನು ಎಷ್ಟು ಬೇಕಾದರೂ ಪಡೆಯಬಹುದು. ಬೀಡಿಗೆ ಎಳೆತ ತಡೆಯುವ ಶಕ್ತಿ ಕಡಿಮೆ. ಭಾರ ಹೊರುವ ಶಕ್ತಿ ಬಹಳ. ಆದುದರಿಂದಲೇ ಅದು ಕಂಬಕ್ಕೆ ಹೇಳಿ ಮಾಡಿಸಿದ ಲೋಹ. ಹತ್ತೊಂಬತ್ತನೆಯ ಶತಮಾನದಲ್ಲಿ ಗ್ಲಾಸ್ಗೋ ನಗರದ ಮ್ಯಾಕ್‌ಫರ್ಲೇನ್ ಕಂಪನಿಯವರು ಇಂತಹ ಮಂಟಪಗಳ ಚಿತ್ರಗಳನ್ನು ಪುಸ್ತಕವಾಗಿ ಅಚ್ಚುಹಾಕಿಸಿ, ಬೇಕೆಂದವರಿಗೆ ಬಿಡಿಭಾಗಗಳನ್ನು ಹಡಗಿನಲ್ಲಿ ಕಳುಹಿಸುತ್ತಿದ್ದರು. 1889ರಲ್ಲಿ ಅಸ್ತಿಭಾರ ಹಾಕಿದ ನಮ್ಮ ಲಾಲ್‌ಬಾಗಿನ ಗಾಜಿನ ಮನೆಯ ಕಬ್ಬಿಣವೂ ಅವರ ಎರಕದ ಮನೆಯದೇ.

ನನ್ನ ಊರು ತುಮಕೂರು ರಸ್ತೆಯ ಮಾಕಳಿ. ನಮ್ಮ ಕಡೆಯಿಂದ ಪೀಣ್ಯದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವವರು ಅನೇಕರು. ನಮ್ಮ ಚಿಕ್ಕಪ್ಪನವರು ಅಲ್ಲಿ ಬಹುಕಾಲ ಎರಕ ಹೊಯ್ದವರು. ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ಸಣ್ಣದೊಂದು ಏಣು ಮೂಡುತ್ತದೆ, ಉಜ್ಜಿದರೂ ಅದರ ಗುರುತು ಪೂರ್ತಿ ಹೋಗುವುದಿಲ್ಲ ಎಂದು ನನಗೆ ತಿಳಿಸಿಕೊಟ್ಟವರು ಅವರೇ. "ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತೆ ಕಣೋ" ಎನ್ನುತ್ತಾರೆ. ಹಳೆಯ ಬೀಡಿನ ಕಂಬ ಕಂಡಲ್ಲೆಲ್ಲ ಆ ಗೆರೆಯನ್ನು ತಡವಿ ನೋಡುವುದು ಈಗ ನನ್ನ ಅಭ್ಯಾಸ. ಎರಕ ಹೊಯ್ದವನ ಹೆಸರು ಎಲ್ಲಿಯೂ ಬರೆದಿರುವುದಿಲ್ಲ. ಆ ಗೆರೆಯೇ ಅವನ ರುಜು.

ಕಂಚಿನ ಕ್ರಮ ಬೇರೆ. ತಾಮ್ರಕ್ಕೆ ತವರ ಬೆರೆಸಿದ ಕಂಚು ಅಚ್ಚಿನ ಸೂಕ್ಷ್ಮ ರೇಖೆಗಳನ್ನೂ ಹಿಡಿಯುತ್ತದೆ. ಗಾಳಿಮಳೆಗೆ ಅದರ ಮೇಲೆ ಹಸುರು ಕಿಲುಬು ಕಟ್ಟಿದರೂ ಆ ಪದರವೇ ಒಳಗಿನ ಲೋಹಕ್ಕೆ ಕವಚವಾಗುತ್ತದೆ. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಸಿ, ಆ ಬರಿದಾದ ಜಾಗಕ್ಕೆ ಲೋಹ ತುಂಬುವ ವಿಧಾನ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ 'ಮಾನಸೋಲ್ಲಾಸ'ದಲ್ಲಿ ಇದನ್ನು ವಿವರಿಸಿದ್ದಾನೆ.

ಉದ್ಯಾನದ ಕಂಚಿನ ಪ್ರತಿಮೆಗಳಲ್ಲಿ ಎರಡು ಗಮನಾರ್ಹ. 1883ರಿಂದ 1901ರವರೆಗೆ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರವರ ಪ್ರತಿಮೆಯನ್ನು 1913ರಲ್ಲಿ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅನಾವರಣ ಮಾಡಿದರು. ಮಾರೊಕೆಟ್ಟಿ ಎಂಬ ಶಿಲ್ಪಿಯಿಂದಾದ, ಕುದುರೆಯೇರಿದ ಮಾರ್ಕ್ ಕಬ್ಬನ್ನರ ಪ್ರತಿಮೆ 1866ರದು, ಉದ್ಯಾನಕ್ಕಿಂತಲೂ ಹಳೆಯದು. ಅದು ದಶಕಗಳ ಕಾಲ ಅಠಾರಾ ಕಚೇರಿಯ ಎದುರಿಗಿತ್ತು. 2020ರಲ್ಲಿ ಅಲ್ಲಿಂದ ತೆಗೆದು ಉದ್ಯಾನದೊಳಗೆ ನಿಲ್ಲಿಸಿದರು.

ಇಲ್ಲಿ ಒಂದು ವಿಷಯ ವಿಚಾರಾರ್ಹ. ಪ್ರತಿಮೆಯ ಗೌರವ ಕಾಲದೊಡನೆ ಬದಲಾಗುತ್ತದೆ. ಆಳಿದವರು ಹೋದ ಮೇಲೆ ಅವರ ಕುದುರೆಯೂ ಜಾಗ ಬಿಡಬೇಕಾಗುತ್ತದೆ. ಇತಿಹಾಸ ಅರಿಯಲು ಪ್ರತಿಮೆಗಳು ಬೇಕು, ನಿಜ. ಆದರೆ ಮಂಟಪವನ್ನು ತೆಗೆಯಬೇಕೆಂದು ವಾದಿಸುವುದು ಕಷ್ಟ. ಮೈಸೂರಿನ ಚಾಮರಾಜ ವೃತ್ತದ ಮಂಟಪದ ನಡುವೆ ಮಹಾರಾಜರ ಅಮೃತಶಿಲೆಯ ಪ್ರತಿಮೆ ನಿಂತಿದೆ. ಇಲ್ಲಿನ ಮಂಟಪದ ನಡುವೆ ಏನೂ ಇಲ್ಲ. ಆ ಬರಿದಾದ ಜಾಗವೇ ಇದರ ಸಂಪತ್ತು. ಹಿಂದೆ ದೊರೆಗಳ ಸೇನೆಯ ವಾದ್ಯ ನುಡಿದ ಜಗಲಿಯ ಮೇಲೆಯೇ ಈಚಿನ ವರ್ಷಗಳಲ್ಲಿ ನಮ್ಮ ಜಾನಪದ ಕಲಾವಿದರು ಹಾಡಿದ್ದಾರೆ, ಕುಣಿದಿದ್ದಾರೆ.

ಹಳ್ಳಿಯವನಾದ ನನಗೆ ಇದು ಅಪರಿಚಿತವೆನಿಸುವುದಿಲ್ಲ. ನಮ್ಮ ಊರುಗಳ ಅರಳಿಕಟ್ಟೆಯೂ ಹೀಗೆಯೇ ಅಲ್ಲವೇ? ಎತ್ತರದ ಜಗಲಿ, ಮೇಲೆ ನೆರಳು, ಸುತ್ತ ಬಯಲು, ಯಾರು ಬೇಕಾದರೂ ಕೂರಬಹುದಾದ ಜಾಗ. ಕಬ್ಬಿಣದ ಮಂಟಪವು ಪಟ್ಟಣದ ಅರಳಿಕಟ್ಟೆ. ಈಗ ತುಮಕೂರು ರಸ್ತೆಯ ಇಕ್ಕೆಲಗಳಲ್ಲಿ ಹೊಲಗಳು ನಿವೇಶನಗಳಾಗುತ್ತಿವೆ. ನಕ್ಷೆಯಲ್ಲಿ ರಸ್ತೆ, ಚರಂಡಿ, ಮನೆಗಳಿಗೆಲ್ಲ ಅಳತೆಯುಂಟು. ಕಟ್ಟೆಗೆ ಮಾತ್ರ ಅಳತೆಯಿಲ್ಲ. ಅರಳಿಕಟ್ಟೆ ಹೋಗಿ ಮಂಟಪವೂ ಬಾರದಿದ್ದರೆ ನಾಳಿನ ಮಕ್ಕಳು ಎಲ್ಲಿ ಕಲೆಯಬೇಕು?

ಬೀಡು ಗಟ್ಟಿಯಾದರೂ ಅಮರವಲ್ಲ. ಬಣ್ಣ ಬಿಟ್ಟಲ್ಲಿ ತುಕ್ಕು ಹಿಡಿಯುತ್ತದೆ. ಕಾಲಕಾಲಕ್ಕೆ ಕೆರೆದು ಬಳಿಯುವ ಕೈ ಬೇಕು. ಸಾರ್ವಜನಿಕ ಕಲೆಯನ್ನು ಉಳಿಸುವುದು ಅನಾವರಣದ ದಿನದ ಭಾಷಣವಲ್ಲ, ಆಮೇಲಿನ ವರ್ಷಗಳ ಆರೈಕೆ. ಮೆಟ್ರೋ ರೈಲು 2024ರ ನವೆಂಬರಿನಲ್ಲಿ ಮಾದಾವರದವರೆಗೆ ಬಂದಿರುವುದರಿಂದ ನಮ್ಮ ಭಾಗದವರು ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ಗಾಡಿ ಬದಲಿಸಿದರೆ ಸಾಕು, ಕಬ್ಬನ್ ಪಾರ್ಕ್ ತಲುಪಬಹುದು. ಸಹಪಾಠಿಗಳು ಒಂದು ಸಂಜೆ ಆ ಮಂಟಪವನ್ನು ನೋಡಿ ಬರಲಿ. ನೋಡಿ ಬಂದವರು ತಂತಮ್ಮ ಊರಿನ ಪಂಚಾಯಿತಿಯನ್ನು ಕೇಳಲಿ: ನಮ್ಮ ಬಡಾವಣೆಯಲ್ಲಿ ಎಂಟು ಮೂಲೆಯ ಜಾಗವೊಂದನ್ನು ಬಿಡುವಿರಾ? ಎರಕ ಹೊಯ್ಯುವ ಕೈಗಳಂತೂ ಪೀಣ್ಯದಲ್ಲಿಯೇ ಇವೆ.