ಮನೆಯ ಗಣಕಯಂತ್ರ, ಲಿನಕ್ಸ್ ಮತ್ತು ಅಂತರಜಾಲದ ಬಾಗಿಲು

ನಮ್ಮ ದೇಶದ ಗಣಕಯಂತ್ರಗಳ ಕಥೆಯಲ್ಲಿ 1995ನೆಯ ಇಸವಿಗೆ ವಿಶೇಷ ಸ್ಥಾನವಿದೆ. ಆ ವರ್ಷದ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಜನಸಾಮಾನ್ಯರಿಗೆ ಅಂತರಜಾಲದ ಸೇವೆಯನ್ನು ತೆರೆಯಿತು. ಅದೇ ವರ್ಷ ಇನ್ಫೋಸಿಸ್ ಸಂಸ್ಥೆಯು ಮಂಗಳೂರಿನಲ್ಲಿ ತನ್ನ ಕೇಂದ್ರವನ್ನು ಆರಂಭಿಸಿತು. ಅದರ ಆವರಣವು ಕೊಟ್ಟಾರದಲ್ಲಿ ರೂಪುಗೊಂಡಿತು. ತಂತ್ರಾಂಶವೆಂಬ ಮಾತು ಆ ಬಡಾವಣೆಯ ಮನೆಗಳಿಗೂ ಪರಿಚಿತವಾಯಿತು. ಆದರೆ ನೆರೆಯಲ್ಲಿ ತಂತ್ರಾಂಶದ ಕಚೇರಿ ಇದ್ದ ಮಾತ್ರಕ್ಕೆ ಮನೆಯ ಗಣಕಯಂತ್ರ ತಾನಾಗಿಯೇ ಜಾಲವನ್ನು ಸೇರುವುದಿಲ್ಲ. ಅದರಲ್ಲಿಯೂ ಎಲ್ಲರೂ ಬಳಸುವ ವಿಂಡೋಸ್‌ನ ಬದಲು ಲಿನಕ್ಸ್ ಇದ್ದರೆ, ಗೃಹಸ್ಥರು ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರುವುದು ಒಳಿತು.

ಈ ವಿಚಾರ ಈಗ ಅನೇಕ ಮನೆಗಳ ಮುಂದಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಕರ್ಯವೂ ಹೊಸ ತಲೆಮಾರಿನ ಸಂಸ್ಕಾರಕವೂ ಬೇಕು. ಹೀಗಾಗಿ ಚೆನ್ನಾಗಿಯೇ ನಡೆಯುತ್ತಿರುವ ಎಷ್ಟೋ ಯಂತ್ರಗಳು ಅನರ್ಹವೆನಿಸಿವೆ. ಭದ್ರತೆಯ ತಿದ್ದುಪಡಿಗಳು ಬಾರದ ಗಣಕದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಕ್ಷೇಮವಲ್ಲ. ಹಾಗೆಂದು ಮಕ್ಕಳ ಓದಿಗೆ, ಹಿರಿಯರ ಪತ್ರವ್ಯವಹಾರಕ್ಕೆ ಒದಗುತ್ತಿರುವ ಯಂತ್ರವನ್ನು ಗುಜರಿಗೆ ಹಾಕಬೇಕೆ? ಹಣ ತೆರಬೇಕಾಗಿಲ್ಲದ ಲಿನಕ್ಸ್ ಇಲ್ಲಿ ಒಂದು ದಾರಿ.

ಲಿನಕ್ಸ್ ಎಂದರೇನು?

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ತಿರುಳಿನ ಮೇಲೆ ಜಗತ್ತಿನ ಸಾವಿರಾರು ಜನ ಸೇರಿ ಕಟ್ಟಿದ ಕಾರ್ಯಾಚರಣಾ ವ್ಯವಸ್ಥೆ ಇದು. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದವು ಇದರ ಬೇರೆ ಬೇರೆ ರೂಪಗಳು. ಆಂಡ್ರಾಯ್ಡ್ ಮೊಬೈಲಿನ ಒಳಗಿರುವುದೂ ಇದೇ ತಿರುಳು. ಆದರೂ ಮನೆಯ ಮೇಜಿನ ಮೇಲಿನ ಗಣಕಗಳಲ್ಲಿ ಇದರ ಬಳಕೆ ಕಡಿಮೆ.

ತೊಡಕಿನ ಮೂಲ

ದೂರವಾಣಿಯ ಮೂಲಕ ಜಾಲಕ್ಕೆ ಸೇರುತ್ತಿದ್ದ ಕಾಲದಲ್ಲಿ ಮೋಡೆಮ್ ಅನಿವಾರ್ಯವಾಗಿತ್ತು. ಗಣಕದ ಒಳಗೆ ಕೂರಿಸುವ ಅಗ್ಗದ ಮೋಡೆಮ್‌ಗಳು ತಮ್ಮ ಕೆಲಸದ ಬಹುಭಾಗವನ್ನು ಗಣಕದ ಸಂಸ್ಕಾರಕಕ್ಕೇ ಒಪ್ಪಿಸುತ್ತಿದ್ದವು. ಅದನ್ನು ನಿರ್ವಹಿಸುವ ಡ್ರೈವರ್ ಎಂಬ ತಂತ್ರಾಂಶವನ್ನು ತಯಾರಕರು ಬಹುಮಟ್ಟಿಗೆ ವಿಂಡೋಸ್‌ಗಾಗಿ ಮಾತ್ರ ಬರೆಯುತ್ತಿದ್ದರು. ಆದ್ದರಿಂದಲೇ ಅವಕ್ಕೆ ‘ವಿನ್‌ಮೋಡೆಮ್’ ಎಂಬ ಹೆಸರು ಬಿದ್ದಿತು. ಲಿನಕ್ಸ್ ಹಾಕಿದವರಿಗೆ ಅಂತಹ ಮೋಡೆಮ್ ಬಹುಪಾಲು ನಿರುಪಯೋಗಿ. ಹೊರಗಿಟ್ಟು ಸೀರಿಯಲ್ ತಂತಿಯಿಂದ ಜೋಡಿಸುವ ಮೋಡೆಮ್‌ಗೆ ಬೆಲೆ ಹೆಚ್ಚು. ಆದರೆ ಅದು ಯಾವ ವ್ಯವಸ್ಥೆಯೊಡನೆಯೂ ಹೊಂದಿಕೊಂಡು ಹೋಗುತ್ತಿತ್ತು.

ಅಂದಿನ ವೇಗವನ್ನೂ ನೆನೆಯಬೇಕು. 56 ಕಿಲೋಬಿಟ್‌ನ ಮೋಡೆಮ್‌ನಲ್ಲಿ ಸೆಕೆಂಡಿಗೆ 5 ಕಿಲೋಬೈಟ್ ಇಳಿದರೆ ಅದೇ ದೊಡ್ಡದು. ಆ ಲೆಕ್ಕದಲ್ಲಿ 650 ಮೆಗಾಬೈಟ್‌ನ ಒಂದು ಸಿ.ಡಿ.ಯಷ್ಟು ತಂತ್ರಾಂಶವನ್ನು ಇಳಿಸಲು ಸುಮಾರು 36 ಗಂಟೆ ಬೇಕು. ಅಷ್ಟು ಹೊತ್ತೂ ದೂರವಾಣಿಯ ಬಿಲ್ಲು ಏರುತ್ತಲೇ ಇರುತ್ತಿತ್ತು. ಹೀಗಾಗಿಯೇ ಪಿಸಿ ಕ್ವೆಸ್ಟ್ ಪತ್ರಿಕೆಯು ತನ್ನ ಸಂಚಿಕೆಯೊಡನೆ ಲಿನಕ್ಸ್ ಸಿ.ಡಿ.ಗಳನ್ನು ಹಂಚಿದುದು ಅಂದಿನ ಆಸಕ್ತರಿಗೆ ದೊಡ್ಡ ಉಪಕಾರವಾಯಿತು.

2005ರಲ್ಲಿ ಬಿ.ಎಸ್.ಎನ್.ಎಲ್. ‘ಡೇಟಾವನ್’ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿತು. ಆ ಕಾಲದ ಅನೇಕ ಪೆಟ್ಟಿಗೆಗಳಲ್ಲಿ ಯು.ಎಸ್.ಬಿ. ಮತ್ತು ಲ್ಯಾನ್ ಎಂಬ ಎರಡು ಕಿಂಡಿಗಳಿರುತ್ತಿದ್ದವು. ಯು.ಎಸ್.ಬಿ.ಗೆ ಪ್ರತ್ಯೇಕ ಡ್ರೈವರ್ ಬೇಕಾಗುತ್ತಿತ್ತು. ಲ್ಯಾನ್ ತಂತಿಗೆ ಅಂತಹ ಹಂಗಿರಲಿಲ್ಲ. ಇಷ್ಟರಿಂದ ಒಂದು ಮಾತು ಸ್ಪಷ್ಟ: ತೊಡಕು ಇದ್ದುದು ಲಿನಕ್ಸ್‌ನಲ್ಲಿಯೂ ಅಲ್ಲ, ದೂರವಾಣಿಯ ತಂತಿಯಲ್ಲಿಯೂ ಅಲ್ಲ, ಅವೆರಡರ ನಡುವೆ ನಿಂತ ಸಣ್ಣ ಸಾಧನದಲ್ಲಿ. ಇಂದಿಗೂ ಮೊದಲು ವಿಚಾರಿಸಬೇಕಾದುದು ಅದನ್ನೇ.

ಇಂದು ಮಾಡಬೇಕಾದುದು

ಮೊದಲು ಮನೆಯ ಛಾಯಾಚಿತ್ರಗಳನ್ನೂ ಕಾಗದಪತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿರಿ. ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಗಿಗಾಬೈಟ್ ಸ್ಮರಣೆ ಸಾಕು. 4 ಇದ್ದರೆ ಅನುಕೂಲ. ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಹಳೆಯ ವ್ಯವಸ್ಥೆಯನ್ನು ಅಳಿಸದೆಯೇ ಚಾಲೂ ಮಾಡಿ ನೋಡಬಹುದು. ಈ ಪರೀಕ್ಷೆಯಲ್ಲಿ ವೈಫೈ ಕಾಣಿಸುವುದೇ, ಧ್ವನಿ ಬರುವುದೇ, ಪ್ರಿಂಟರ್ ಅಚ್ಚು ಮಾಡುವುದೇ ಎಂದು ನೋಡಿ ಬಳಿಕವೇ ನಿರ್ಧರಿಸಿರಿ.

ಕೆಲವು ಲ್ಯಾಪ್‌ಟಾಪ್‌ಗಳ ಬ್ರಾಡ್‌ಕಾಮ್ ವೈಫೈಗೆ, ಕೆಲವು ಯು.ಎಸ್.ಬಿ. ವೈಫೈ ಕಡ್ಡಿಗಳಿಗೆ ಪ್ರತ್ಯೇಕ ಡ್ರೈವರ್ ಬೇಕಾಗುತ್ತದೆ. ಆ ಡ್ರೈವರ್ ಇರುವುದು ಜಾಲದಲ್ಲಿ. ಜಾಲಕ್ಕೆ ಹೋಗಲು ಬೇಕಾದುದೋ ಅದೇ ಡ್ರೈವರ್! ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಪರಿಸ್ಥಿತಿ. ಇದಕ್ಕೆ ಉಪಾಯ ಸರಳ. ಫೈಬರ್ ಪೆಟ್ಟಿಗೆಯಿಂದ ಲ್ಯಾನ್ ತಂತಿಯೊಂದನ್ನು ನೇರವಾಗಿ ಗಣಕಕ್ಕೆ ಜೋಡಿಸಿರಿ. ಇಲ್ಲವೇ ಆಂಡ್ರಾಯ್ಡ್ ಮೊಬೈಲನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸಿ, ಅದರ ಸೆಟ್ಟಿಂಗ್ಸ್‌ನಲ್ಲಿ ‘ಯು.ಎಸ್.ಬಿ. ಟೆದರಿಂಗ್’ ಒತ್ತಿರಿ. ಸಾಮಾನ್ಯವಾಗಿ ಗಣಕ ಕೂಡಲೇ ಜಾಲವನ್ನು ಸೇರುತ್ತದೆ. ಅಲ್ಲಿಂದ ಬೇಕಾದ ಡ್ರೈವರ್ ತರಿಸಿಕೊಳ್ಳಬಹುದು.

ಸೇವೆಯವರು ಕೊಟ್ಟ ಬಳಕೆದಾರ ಹೆಸರನ್ನೂ ಗುಪ್ತಪದವನ್ನೂ ಬರೆದಿಟ್ಟುಕೊಳ್ಳಿರಿ. ಇವನ್ನು ಫೈಬರ್ ಪೆಟ್ಟಿಗೆಯಲ್ಲಿಯೇ ನಮೂದಿಸಿದ್ದರೆ ಗಣಕದಲ್ಲಿ ಮತ್ತೆ ಬರೆಯಬೇಕಾಗಿಲ್ಲ. ದುರಸ್ತಿಗೆ ಬಂದವರು ಲಿನಕ್ಸ್ ಕಂಡು ಹಿಂಜರಿದರೆ, ಮೊಬೈಲಿನಲ್ಲಿ ವೈಫೈ ನಡೆಯುತ್ತಿದೆಯೇ ಎಂದು ತೋರಿಸಿರಿ. ದೋಷ ಸಂಪರ್ಕದ್ದೋ ಗಣಕದ್ದೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.

ಕರಾವಳಿಯವರಿಗೆ ಒಂದು ಎಚ್ಚರಿಕೆ

ಮಂಗಳೂರಿನಲ್ಲಿ ಮಳೆಗಾಲದ ಮುಂಚಿನ ಏಪ್ರಿಲ್–ಮೇ ತಿಂಗಳಲ್ಲಿಯೂ, ಅದರ ಬಳಿಕ ಅಕ್ಟೋಬರ್–ನವೆಂಬರ್‌ನಲ್ಲಿಯೂ ಗುಡುಗು ಸಿಡಿಲು ಜೋರು. ಹಿಂದೆ ದೂರವಾಣಿಯ ತಾಮ್ರದ ತಂತಿಯ ಮೂಲಕ ಬಂದ ಆಘಾತಕ್ಕೆ ಮೋಡೆಮ್‌ಗಳು ಸುಟ್ಟುಹೋಗುತ್ತಿದ್ದವು. ಫೈಬರ್‌ನ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಪೆಟ್ಟಿಗೆಗೆ ವಿದ್ಯುತ್ ಕೊಡುವ ತಂತಿ ಒಯ್ಯುತ್ತದೆ. ಮೋಡ ಕವಿಯುತ್ತಿದ್ದಂತೆಯೇ ಪೆಟ್ಟಿಗೆ, ಗಣಕ ಎರಡರ ಪ್ಲಗ್ಗನ್ನೂ ತೆಗೆದಿಡುವ ಅಭ್ಯಾಸ ಮನೆಯ ಎಲ್ಲರಿಗೂ ಇರಲಿ.

ಕನ್ನಡ ಬರೆಯಲು

ಲಿನಕ್ಸ್‌ನಲ್ಲಿ ಕನ್ನಡ ಬರೆಯಲಾದೀತೇ ಎಂಬ ಸಂದೇಹ ಬೇಡ. ಅದರ ಕೀಲಿಮಣೆಯ ಪಟ್ಟಿಯಲ್ಲಿ ‘ಕಗಪ’ ವಿನ್ಯಾಸವಿದೆ. ಇದಕ್ಕೆ ಆಧಾರವಾದುದು ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಆದರೆ ನುಡಿ ಅಥವಾ ಬರಹದಲ್ಲಿ ಹಳೆಯ ಅಕ್ಷರಗಳಲ್ಲಿ ಬರೆದಿಟ್ಟ ಕಡತಗಳಿದ್ದರೆ, ಬದಲಾವಣೆಗೆ ಮುನ್ನ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಇಡುವವರಿಗೆ ವಿಂಡೋಸ್ ಇರುವ ಇನ್ನೊಂದು ಯಂತ್ರ ಇರುವುದೇ ಲೇಸು.

ನೆಂಟಸ್ತಿಕೆಗೆ ಮುನ್ನ ಮನೆತನ ವಿಚಾರಿಸುವುದು ನಮ್ಮಲ್ಲಿ ರೂಢಿ. ಗಣಕಕ್ಕೆ ಸಂಪರ್ಕ ಸಾಧನವನ್ನು ಕೊಳ್ಳುವಾಗಲೂ “ಇದು ಲಿನಕ್ಸ್‌ಗೆ ಹೊಂದುವುದೇ?” ಎಂದು ಅಂಗಡಿಯಲ್ಲಿಯೇ ಕೇಳಿರಿ. ಆ ಒಂದು ಪ್ರಶ್ನೆಯಿಂದ ಹಳೆಯ ಯಂತ್ರ ಇನ್ನೂ ಹಲವು ವರ್ಷ ಮನೆಯವರ ಕೆಲಸಕ್ಕೆ ಒದಗೀತು.